ಹಂದಿಗೆ ‘ಒಂದ್ ನಿಮಿಷ’ ಅಂದವನು

ಮೈಮೇಲೆ ಬರುತ್ತಿದ್ದ ಕಾಡುಹಂದಿಗೆ ಕೈ ಅಡ್ಡ ಹಿಡಿದು, “ಒಂದ್ ನಿಮಿಷ, ಹಂಗೇ ನಿಂದ್ರಿ” ಎಂದು ಹೇಳಿದ ಮಹಾನುಭಾವ ನಾನು. ‘ನಿಂದ್ರು’ ಅನ್ನಲಿಲ್ಲ, ‘ನಿಂದ್ರಿ’ ಅಂದೆ. ಕೋರೆಹಲ್ಲು ಇದ್ದವರಿಗೆ ಮರ್ಯಾದೆ ಕೊಡಬೇಕು ಅನ್ನುವಷ್ಟು ಬುದ್ಧಿ ಆ ಗಳಿಗೆಯಲ್ಲೂ ನನಗಿತ್ತು. ಹಂದಿ ಹೋಗುವ ಹಾದಿಯಲ್ಲಿ ಹೋಗಿ ಮಲಗಬಾರದು ಅನ್ನುವ ಬುದ್ಧಿ ಮಾತ್ರ ಇರಲಿಲ್ಲ.

ಇದು ಹುಚ್ಚಲ್ಲ, ಕಸುಬಿನ ರೋಗ. ನಾನು ಹುಮನಾಬಾದಿನಲ್ಲಿ ಮದುವೆ ಫೋಟೊ ತೆಗೆಯುವವನು. ನಮ್ಮ ಕಸುಬಿನಲ್ಲಿ ‘ಒಂದ್ ನಿಮಿಷ’ ಅಂದರೆ ಜಗತ್ತೇ ನಿಲ್ಲುತ್ತದೆ. ಅಕ್ಷತೆ ಹಾಕುವ ಕೈಗಳನ್ನು ಗಾಳಿಯಲ್ಲೇ ನಿಲ್ಲಿಸಿದ್ದೇನೆ. ಐನೋರ ಮಂತ್ರವನ್ನು ಅರ್ಧಕ್ಕೆ ತಡೆದಿದ್ದೇನೆ. ಬೆಳಕು ಸರಿ ಬೀಳಲಿಲ್ಲ ಅಂತ ಒಬ್ಬ ಮದುಮಗನಿಂದ ಅದೇ ಮದುಮಗಳಿಗೆ ಎರಡನೇ ಸಲ ತಾಳಿ ಕಟ್ಟಿಸಿದ್ದೇನೆ. ಹಾಗೆ ಎಲ್ಲರೂ ನನ್ನ ಮಾತು ಕೇಳಿ ಕೇಳಿ ನನಗೆ ಬೇಜಾರು ಹತ್ತಿಬಿಟ್ಟಿತು. ಹೇಳಿದಂತೆ ಕೇಳದ, ನಿಲ್ಲು ಎಂದರೆ ನಿಲ್ಲದ, ಹಲ್ಲು ತೋರಿಸಿದರೂ ನಗದ ಏನನ್ನಾದರೂ ಹಿಡಿಯಬೇಕು ಅನ್ನಿಸಿತು. ಅಂಥವು ಅಂದರೆ ಕಾಡುಪ್ರಾಣಿಗಳು. ಅವೂ ಓಡುವಾಗ, ಬಡಿದಾಡುವಾಗ, ಹತ್ತಿರದಿಂದ.

ಹತ್ತಿರದಿಂದ ಯಾಕೆ ಅಂದರೆ, ದೂರದಿಂದ ಹೊಡೆಯುವ ಉದ್ದನೆಯ ಲೆನ್ಸ್ ನನ್ನಲ್ಲಿರಲಿಲ್ಲ. ನನ್ನದು ಮದುವೆ ಮನೆಯ ಇಡೀ ಬೀಗರನ್ನು ಒಂದೇ ಚೌಕಟ್ಟಿನಲ್ಲಿ ತುರುಕುವ ಅಗಲ ಲೆನ್ಸ್. ಅದರಲ್ಲಿ ಪ್ರಾಣಿ ದೊಡ್ಡದಾಗಿ ಕಾಣಬೇಕಾದರೆ ಅದರ ಉಸಿರು ಮುಖಕ್ಕೆ ಬಡಿಯುವಷ್ಟು ಸಮೀಪ ಹೋಗಬೇಕು. ಹೋಗುತ್ತಿದ್ದೆ.

ಮೊದಲ ಸಲ ಹುಲಸೂರ ಕಡೆಯ ಬಯಲಲ್ಲಿ ಎರಡು ಗಂಡು ಕೃಷ್ಣಮೃಗಗಳು ಕಾದಾಡುವುದು ಸಿಕ್ಕಿತು. ಜಾಲಿಗಿಡದ ಬುಡದಲ್ಲಿ ಅಡಗಿ ಕೂತಿದ್ದೆ. ಕೊಂಬಿಗೆ ಕೊಂಬು ಹೆಣೆದು, ಕಾಲು ಮಣ್ಣಿಗೆ ಊರಿ, ಒಂದನ್ನೊಂದು ನೂಕಿದವು. ಒಂದರ ಕೊಂಬಿನ ತುದಿ ಇನ್ನೊಂದರ ಭುಜದೊಳಗೆ ಹೋಗಿ ಬಂತು. ರಕ್ತ ಬಿಳಿ ಹೊಟ್ಟೆಯ ಮೇಲೆ ಇಳಿಯಿತು. ಬಟನ್ ಒತ್ತಿದೆ. ಕ್ಯಾಮೆರಾದೊಳಗೆ ಜಾಗವೇ ಇಲ್ಲ! ಹಿಂದಿನ ದಿನದ ಅರಿಶಿನ ಕಾರ್ಯಕ್ರಮದ ಫೋಟೊಗಳು ಗಂಟಲ ಮಟ್ಟ ತುಂಬಿದ್ದವು. ಕಣ್ಣೆದುರು ಯುದ್ಧ ನಡೆಯುತ್ತಿದ್ದರೆ ನಾನು ತಲೆ ತಗ್ಗಿಸಿ ಮದುಮಗಳ ಅತ್ತೆಯ ಫೋಟೊಗಳನ್ನು ಒಂದೊಂದಾಗಿ ಅಳಿಸುತ್ತಾ ಕೂತೆ. ತಲೆ ಎತ್ತಿದಾಗ ಬಯಲು ಖಾಲಿ. ಆ ಮದುವೆಯ ಆಲ್ಬಮ್ಮಿನಲ್ಲಿ ಅತ್ತೆ ಇವತ್ತಿಗೂ ಇಲ್ಲ. ಅವರ ಮನೆಯವರು ಕೇಳಿದಾಗ, “ಅವರು ಅರಿಶಿಣಕ್ಕ ಬಂದಿದ್ರೇನ್ರಿ?” ಎಂದು ಕೇಳಿ ಬೈಸಿಕೊಂಡಿದ್ದೇನೆ.

ಎರಡನೇ ಸಲ ಬಸವಕಲ್ಯಾಣದ ಕೋಟೆ ಗೋಡೆಯ ಮೇಲೆ ಎರಡು ಗಡವ ಮುಸುವಗಳ, ಅಂದರೆ ಕರಿಮೂತಿಯ ಗಂಡು ಕೋತಿಗಳ, ಜಗಳ. ಒಂದು ಇನ್ನೊಂದರ ಬಾಲ ಕಚ್ಚಿ ಎಳೆಯುತ್ತಿತ್ತು, ಕಿತ್ತ ಕೂದಲು ಗಾಳಿಯಲ್ಲಿ ಹಾರುತ್ತಿತ್ತು. ನಾನು ಗೋಡೆಯ ಕೆಳಗೆ, ಕ್ಯಾಮೆರಾ ಮೇಲಕ್ಕೆ ಹಿಡಿದು. ಸೋತದ್ದು ಗೋಡೆಯಿಂದ ಇಳಿದು ಬಂದು, ಗೆದ್ದದ್ದರ ಮೇಲಿನ ಸಿಟ್ಟನ್ನು ನನ್ನ ಕೆನ್ನೆಗೆ ಕೊಟ್ಟು ಹೋಯಿತು. ಆ ಏಟಿನ ಫೋಟೊ ನನ್ನ ಬಳಿ ಇದೆ: ಐದು ಕಪ್ಪು ಬೆರಳು, ಹಿಂದೆ ಆಕಾಶ. ನಾನು ಹತ್ತಿರದಿಂದ ತೆಗೆದ ಮೊದಲ ಯಶಸ್ವಿ ಚಿತ್ರ ಅದು.

ಇಷ್ಟೆಲ್ಲ ಅನುಭವ ಇದ್ದವನಿಗೆ ಮಾವನ ಫೋನ್ ಬಂತು. ರಾಜೇಶ್ವರದ ಹತ್ತಿರ ಅವನ ಕಬ್ಬಿನ ಹೊಲ.

“ಅಳಿಯಾ, ಕಟಾವ್ ನಡದದ. ನಾಳಿ ಮುಗೀತದ. ಹಂದಿ ಇನ್ನಾ ಒಳಗೇ ಅದಾವ. ನಿನಗ ಹುಚ್ಚ ಅದ ಅಲ್ಲ, ಬಾ.”

“ಎಷ್ಟ ದೊಡ್ಡವ್ ಅದಾವ ಮಾಮಾ?”

“ನಿನ್ನಕಿಂತ ಶಾಣ್ಯಾ ಅದಾವ. ಇನ್ನ ಸೈಜ್ ಬಂದು ನೋಡಕೋ.”

ಕಬ್ಬಿನೊಳಗೆ ಹಂದಿಗಳಿಗೆ ವರ್ಷವೆಲ್ಲ ಸಂಸಾರ. ತಂಪು, ಕತ್ತಲು, ಸಿಹಿ ಊಟ. ಕಟಾವು ಶುರುವಾದ ಮೇಲೆ ಅವುಗಳ ಮನೆ ದಿನದಿನವೂ ಅಂಚಿನಿಂದ ಸವೆಯುತ್ತದೆ. ಅವು ಒಳಗೊಳಗೇ ಸರಿಯುತ್ತವೆ. ಕಡೆಯ ದಿನ ಹೊಲದ ನಡುವೆ ಒಂದು ತುಂಡು ಕಬ್ಬು ಉಳಿದಾಗ, ಊರಿಗೆ ಸಾಕಾಗುವಷ್ಟು ಹಲ್ಲು ಆ ತುಂಡಿನೊಳಗೆ ಸೇರಿಕೊಂಡಿರುತ್ತದೆ.

ನಾನು ಹೋದಾಗ ಅಂಥ ತುಂಡೊಂದೇ ಉಳಿದಿತ್ತು. ಕಡಿಯುವ ಕೂಲಿಗಳ ಟೋಳಿಯವರು ನೆರಳಿಗೆ ಕೂತು ರೊಟ್ಟಿ ಬಿಚ್ಚಿದ್ದರು. ಅವರ ಪಕ್ಕದಲ್ಲಿ ಅವರ ಕೊಯ್ತಾಗಳು, ಅಂದರೆ ಕಬ್ಬು ಕಡಿಯುವ ಅಗಲ ಕತ್ತಿಗಳು, ಸಾಲಾಗಿ ಮಲಗಿದ್ದವು. ಟೋಳಿಯ ಮುಖ್ಯಸ್ಥ, ಎಲ್ಲರೂ ಮುಕಾದಮ ಎಂದು ಕರೆಯುವವನು, ಒಂದು ಕಬ್ಬಿನ ಜಲ್ಲೆ ತೆಗೆದುಕೊಂಡು ಹೋಗಿ ಹಳ್ಳದ ಕಡೆಯ ಅಂಚಿನಲ್ಲಿ ನೆಲದ ಮೇಲಿಟ್ಟು ಬಂದ. ಜಲ್ಲೆಯ ತುದಿ ಹಳ್ಳದ ಕಡೆಗೆ. ಆ ಬದಿಯಲ್ಲಿ ಯಾರೂ ಇರಲಿಲ್ಲ. ಕಟ್ಟಿದ ಹೊರೆಯನ್ನೂ ಅಲ್ಲಿ ಇಟ್ಟಿರಲಿಲ್ಲ, ಒಣಗಲು ಹಾಕಿದ ಒಂದು ಸೀರೆಯೂ ಇಲ್ಲ.

“ಇದೇನ್ರಿ, ಹಂದಿಗಿ ಬೋರ್ಡ್ ಹಾಕಿದ್ರ್ಯಾ?” ಎಂದೆ.

“ಹಂದಿಗಿ ಹಾದಿ ಗೊತ್ತದ. ಬೋರ್ಡ್ ಮನಷ್ಯಾರಿಗಿ,” ಎಂದ ಮುಕಾದಮ, ರೊಟ್ಟಿ ಮುರಿಯುತ್ತಾ. “ಮೂರು ಕಡಿ ನಾವು ಡಬ್ಬಿ ಬಡೀತೀವಿ. ಹಳ್ಳದ ಕಡಿ ಹಾದಿ ಬಿಡ್ತೀವಿ. ಅಲ್ಲಿ ನೆಳ್ಳು ಸೈತ ಬೀಳಬಾರದು. ತಿಳೀತಾ?”

“ತಿಳೀತ್ರಿ.”

“ಏನ್ ತಿಳೀತು?”

“ನೆಳ್ಳು ಸೈತ ಬೀಳಬಾರದ್ರಿ.”

ಶಾಲೆಯಲ್ಲಿ ಕೂಡ ನಾನು ಹೀಗೇ. ಮೇಷ್ಟ್ರು ಹೇಳಿದ್ದನ್ನು ಅಕ್ಷರ ತಪ್ಪದೆ ಒಪ್ಪಿಸಿ, ಹಿಂದಿನ ಬಾಗಿಲಿಂದ ಓಡಿಹೋಗುತ್ತಿದ್ದೆ.

ಎದುರು ಬದಿಯಲ್ಲಿ, ಟ್ರ್ಯಾಕ್ಟರ್ ಟ್ರ್ಯಾಲಿ ನಿಂತ ಕಡೆ, ಕುರಿ ಕಾಯುವ ಕಾಕಾ ಇದ್ದ. ಕಾಕಾ ಅಂದರೆ ರಕ್ತಸಂಬಂಧ ಅಲ್ಲ, ಊರಿಗೆಲ್ಲ ಅವನು ಕಾಕಾ. ಕಡಿದ ಕಬ್ಬಿನ ಹಸಿರು ಸೋಗೆ ಮೇಯಿಸಲು ಟೋಳಿಯ ಹಿಂದಿಂದೆ ತನ್ನ ಕುರಿ ಹೊಡೆದುಕೊಂಡು ಬರುತ್ತಾನೆ. ಅವನ ಜೊತೆ ಅವನ ನಾಯಿ. ಕಂದು ಬಣ್ಣ, ಒಂದು ಕಿವಿ ತೋಳದ ಬಾಯಿಗೆ ಹೋಗಿ ಅರ್ಧವಾದ ಹೆಣ್ಣು. ಈ ನಾಯಿ ಬರುವ ಮೊದಲು ತೋಳ ವರ್ಷವರ್ಷ ಅವನ ಮರಿ ಎತ್ತಿಕೊಂಡು ಹೋಗುತ್ತಿತ್ತು. ಬಂದ ಮೇಲೆ ನಿಂತಿತು.

“ಕುರಿ ಲೆಕ್ಕ ನಾ ಇಡೂದಿಲ್ಲೋ ತಮ್ಮಾ, ಅದೇ ಇಡ್ತದ,” ಎಂದು ಕಾಕಾ ಹೇಳುತ್ತಿದ್ದ. “ಅದು ಸುಮ್ಮ ಕುಂತ್ರ ಎಲ್ಲಾ ಬಂದಾವಂತ ಅರ್ಥ. ಇದು ಹೋದ್ರ ನಾ ಕುರಿ ಮಾರಿ ಮನ್ಯಾಗ ಕುಂದ್ರತೀನಿ, ಖರೇನ ಹೇಳ್ತೀನಿ. ನನ್ನ ಕಣ್ಣ ಈಗ ಹಳ್ಳದ ಆಚಿಗಿ ಕಾಣೂದಿಲ್ಲ.”

ಆ ನಾಯಿಗೆ ನನ್ನ ಕಂಡರೆ ಆಗದು. ಕ್ಯಾಮೆರಾ ಎತ್ತಿದರೆ ಗುರ್ ಎನ್ನುತ್ತಿತ್ತು.

“ಇದರದೊಂದು ಫೋಟೊ ತಗೀ,” ಎಂದ ಕಾಕಾ.

“ಕಾಕಾ, ನಾ ಕಾಡಪ್ರಾಣಿ ತೆಗ್ಯಾಂವ. ಸಾಕಿದ ನಾಯಿ ತೆಗಿಯೂದಿಲ್ಲ.”

“ಹೌದಪಾ ಹೌದು. ನೀ ಹುಲಿ ಮದವಿ ಫೋಟೊ ತೆಗ್ಯಾಂವ.”

ಟೋಳಿಯ ಹೆಂಗಸರೆಲ್ಲ ನಕ್ಕರು. ನಾಯಿ ಕೂಡ ಆಕಳಿಸಿತು.

ಮಧ್ಯಾಹ್ನ ಇಳಿಯಿತು. ನಾನು ಟೋಳಿಯವರ ಜೊತೆ ನಿಂತು ನೋಡಿದೆ. ನಾವೆಲ್ಲ ಕಬ್ಬಿನ ಹಿಂದೆ. ಹಂದಿ ಹೊರಗೆ ಬಿದ್ದರೆ ನನ್ನ ಅಗಲ ಲೆನ್ಸಿನಲ್ಲಿ ದೂರದ ಹೊಲದಲ್ಲಿ ಉರುಳುವ ಬದನೆಕಾಯಿಯಂತೆ ಕಾಣುತ್ತದೆ, ಅದೂ ಹಿಂಭಾಗ. ಅತ್ತ ಹಳ್ಳದ ಕಡೆ ಸೂರ್ಯ ಇಳಿಯುತ್ತಿದ್ದ. ಕಬ್ಬಿನ ಆ ಅಂಚಿನ ಮೇಲೆ ಬೆಳಕು ಹೇಗೆ ಬಿದ್ದಿತ್ತು ಅಂದರೆ, ನಾನು ಎಷ್ಟೋ ಮದುಮಕ್ಕಳನ್ನು ಅಂಥ ಬೆಳಕಿಗಾಗಿ ಊಟ ಬಿಡಿಸಿ ಗದ್ದೆಬಯಲಿಗೆ ಓಡಿಸಿದ್ದೇನೆ. ಅಲ್ಲಿ ಮಲಗಿದರೆ ಹಂದಿಯ ಮುಖ, ಕಣ್ಣು, ಕೋರೆ, ಹಾರುವ ಮಣ್ಣು, ಎಲ್ಲ ಬಂಗಾರ.

ಮುಕಾದಮ ನೆರಳು ಬೀಳಬಾರದು ಅಂದಿದ್ದ. ಮಲಗಿದವನ ನೆರಳು ಎಷ್ಟು ಬಿದ್ದೀತು? ಈ ವಾದವನ್ನು ನನಗೆ ನಾನೇ ಮಂಡಿಸಿ, ನಾನೇ ತೀರ್ಪು ಕೊಟ್ಟು, ಉಚ್ಚೆಗೆ ಹೋಗಿ ಬರುತ್ತೇನೆ ಅಂತ ಹೇಳಿ, ಬದುವಿನ ಮರೆಯಲ್ಲಿ ಸುತ್ತಿ ಹೋಗಿ ಆ ಜಲ್ಲೆಯ ಪಕ್ಕದಲ್ಲಿ ಹೊಟ್ಟೆ ಅಡಿಯಾಗಿ ಮಲಗಿದೆ. ಬೆನ್ನ ಮೇಲೆ ಸೋಗೆ ಎಳೆದುಕೊಂಡೆ. ಇರುವೆಗಳು ಬಂದು ವಿಚಾರಿಸಿಕೊಂಡು ಹೋದವು.

ಡಬ್ಬಿಗಳ ಸದ್ದು ಶುರುವಾಯಿತು. ಹೋ ಎಂಬ ಕೂಗು. ಕೊಯ್ತಾಗಳು ಕಬ್ಬಿನ ಬುಡಕ್ಕೆ ಬೀಳುವ ಖಚ್ ಖಚ್. ಮೊದಲು ಗೌಜಲಹಕ್ಕಿಗಳು ಕಲ್ಲು ಎಸೆದಂತೆ ಹಾರಿದವು. ಒಂದು ಮೊಲ ಬಂದು ನನ್ನ ಬೆನ್ನನ್ನು ಮೆಟ್ಟಿ, ಅಲ್ಲಿಂದ ಹಳ್ಳಕ್ಕೆ ಹಾರಿತು. ಆಮೇಲೆ ಕಬ್ಬಿನ ತುದಿಗಳು ಅಲ್ಲಾಡತೊಡಗಿದವು, ಗಾಳಿಗೆ ಅಲ್ಲ, ಬುಡದಿಂದ. ಆ ಅಲ್ಲಾಟ ನನ್ನ ಕಡೆಗೆ ಗೆರೆ ಎಳೆದಂತೆ ಬಂತು.

ತಲೆ ಹೊರಗೆ ಬಂತು. ನಾನು ಅದುವರೆಗೆ ಹಂದಿಯ ಮುಖವನ್ನು ಅದರ ಎತ್ತರದಿಂದ ನೋಡಿರಲಿಲ್ಲ. ಮುಸುಡಿ ಒದ್ದೆ, ಅದಕ್ಕೆ ಕಬ್ಬಿನ ಸಿಪ್ಪೆ ಮೆತ್ತಿಕೊಂಡಿತ್ತು. ಕೋರೆಹಲ್ಲು ಹಳದಿಯಾಗಿ ಮೇಲಕ್ಕೆ ಬಾಗಿತ್ತು. ಕುತ್ತಿಗೆಯ ಕೂದಲು ನಿಗುರಿತ್ತು. ಬಟನ್ ಒತ್ತಿ ಹಿಡಿದೆ. ಕ್ಯಾಮೆರಾ ಕಟಕಟ ಹಲ್ಲು ಕಡಿಯಿತು. ಎರಡು ಮಂಚದಷ್ಟು ದೂರ. ಒಂದು ಮಂಚ. ಕಣ್ಣು ಚೌಕಟ್ಟಿನ ಕೆಳಗೆ ಹೋಗುತ್ತಿದೆ ಅನ್ನಿಸಿತು. ಮಂಡಿಯೂರಿ ಎದ್ದೆ. ಕೈ ತಾನಾಗಿಯೇ ಮೇಲೆದ್ದಿತು.

“ಒಂದ್ ನಿಮಿಷ, ಹಂಗೇ ನಿಂದ್ರಿ!”

ಹಂದಿ ನಿಂತಿತು. ನನ್ನ ಜೀವನದಲ್ಲಿ ನಾನು ಹೇಳಿದ ಮಾತನ್ನು ಕೇಳಿದ ಏಕೈಕ ಕಾಡುಪ್ರಾಣಿ ಅದು. ನಾಲ್ಕೂ ಕಾಲು ಮುಂದಕ್ಕೆ ಕೊಟ್ಟು ಮಣ್ಣು ಉಳುತ್ತಾ ನಿಂತ ರಭಸಕ್ಕೆ ಹೆಂಟೆಗಳು ನನ್ನ ಹಣೆಗೆ ಬಡಿದವು. ಅದರ ಹಿಂದೆ ಬರುತ್ತಿದ್ದ ಹೆಣ್ಣುಹಂದಿ ಅದಕ್ಕೆ ಗುದ್ದಿತು, ಮರಿಗಳು ಅವಳಿಗೆ ಗುದ್ದಿದವು. ಒಂದು ಕ್ಷಣ ಅಲ್ಲಿ ಹುಮನಾಬಾದಿನ ಬಸ್ಸಿನ ಬಾಗಿಲಿನ ನೂಕುನುಗ್ಗಲು ಆಯಿತು. ಗಂಡುಹಂದಿ ಒಂದು ಸಲ ಕೂಗಿತು. ಕಬ್ಬಿಣದ ಬಾಗಿಲು ಕಿತ್ತಂಥ ಕೂಗು. ತಿರುಗಿತು. ಎಲ್ಲ ತಿರುಗಿದವು. ಬಂದ ದಾರಿಯಲ್ಲೇ ಕಬ್ಬಿನೊಳಗೆ ನುಗ್ಗಿದವು.

ನನಗೆ ಎಷ್ಟು ಖುಷಿ! ಸಿಕ್ಕಿತು, ಮುಖ ಸಿಕ್ಕಿತು ಎಂದುಕೊಳ್ಳುತ್ತಾ ಸೋಗೆ ಕೊಡವಿ ನಿಂತೆ.

ಆಗ ಡಬ್ಬಿಗಳ ಸದ್ದು ನಿಂತಿತು. ಮೂರೂ ಕಡೆ ಒಮ್ಮೆಲೇ. ಕಬ್ಬು ಆಚೆ ಬದಿಗೆ ಮುರಿದು ಬೀಳುವುದು ಮಾತ್ರ ಕೇಳುತ್ತಿತ್ತು. ನಂತರ ಒಬ್ಬ ಹೆಂಗಸು ಚೀರಿದಳು.

ಅಂಚು ಸುತ್ತಿ ಓಡಿದೆ. ಟ್ರ್ಯಾಲಿಯ ಕಡೆ ಹಂದಿ ಜನರ ನಡುವೆ ಬಿದ್ದಿತ್ತು. ಹೆಂಗಸರು ಟ್ರ್ಯಾಲಿ ಹತ್ತಿ ಒಬ್ಬರನ್ನೊಬ್ಬರು ಎಳೆದುಕೊಳ್ಳುತ್ತಿದ್ದರು. ಮಾವ ಟ್ರ್ಯಾಕ್ಟರ್ ಬಾನೆಟ್ಟಿನ ಮೇಲಿದ್ದ. ಅವನ ಹೊಟ್ಟೆ ನೋಡಿದವರಿಗೆ ಅವನು ಅಲ್ಲಿಗೆ ಹೇಗೆ ಹೋದ ಅನ್ನುವುದು ಇವತ್ತಿಗೂ ತಿಳಿದಿಲ್ಲ. ಹಂದಿ ಕಬ್ಬಿನ ಹೊರೆಯೊಂದನ್ನು ಮುಸುಡಿಯಿಂದ ಎತ್ತಿ ಒಗೆಯಿತು. ಅಡ್ಡ ಬಂದ ಟಗರಿನ ಪಕ್ಕೆಗೆ ತಲೆ ಕೊಟ್ಟಿತು. ಟಗರು ಗಾಳಿಯಲ್ಲಿ ತಿರುಗಿ ಬೆನ್ನ ಮೇಲೆ ಬಿತ್ತು, ಕಾಲು ಒದ್ದುಕೊಂಡಿತು, ಆಮೇಲೆ ಒದ್ದುಕೊಳ್ಳಲಿಲ್ಲ. ಕುರಿಗಳನ್ನು ಚೆದುರಿಸಲು ಓಡಿದ ಕಾಕಾ ಕಬ್ಬಿನ ಕೂಳೆಗೆ ಕಾಲು ಸಿಕ್ಕಿ ಸಾಲಿನಲ್ಲಿ ಅಂಗಾತ ಬಿದ್ದ. ಹಂದಿ ಅವನ ಕಡೆ ತಿರುಗಿತು.

ಅವನ ಕೋಲು ಒಂದು ಕಡೆ, ಚಪ್ಪಲಿ ಒಂದು ಕಡೆ. ಹಂದಿ ಅವನ ತೊಡೆಯ ಮೇಲೆ ಇತ್ತು. ಆಗ ಆ ನಾಯಿ ಬಂತು. ಬೊಗಳಲಿಲ್ಲ. ಹಾರಿ ಹಂದಿಯ ಕಿವಿ ಹಿಡಿಯಿತು.

ಹಂದಿ ತಲೆ ಕೊಡವಿತು. ನಾಯಿ ಬಟ್ಟೆಯಂತೆ ಅತ್ತಿತ್ತ ಬಡಿದುಕೊಂಡಿತು, ಕಿವಿ ಬಿಡಲಿಲ್ಲ. ಹಂದಿ ಅದನ್ನು ನೆಲಕ್ಕೆ ಒತ್ತಿ, ಕೋರೆಯನ್ನು ಅದರ ಹೊಟ್ಟೆಯ ಕೆಳಗೆ ತೂರಿಸಿ ಮೇಲಕ್ಕೆ ಎಳೆಯಿತು. ಮಂಟಪದ ಹೊಸ ಬಟ್ಟೆ ಹರಿದಂಥ ಸದ್ದು. ನಾಯಿ ಆಗಲೂ ಬಿಡಲಿಲ್ಲ. ಎರಡರ ರಕ್ತವೂ ಸೇರಿ ಸೋಗೆಯ ಮೇಲೆ ಎರಚುತ್ತಿತ್ತು. ಮುಕಾದಮ ಕೊಯ್ತಾ ಎತ್ತಿ ಮುಂದೆ ಬಂದ, ಆದರೆ ಎಲ್ಲಿ ಹೊಡೆದರೂ ನಾಯಿಗೆ ಬೀಳುವಂತಿತ್ತು, ಕೈ ಮೇಲೆಯೇ ನಿಂತಿತು.

“ಹೊಡೀಬ್ಯಾಡ್ರೋ!” ಕೆಳಗೆ ಬಿದ್ದ ಕಾಕಾ ಕೂಗಿದ. “ಹಾದಿ ಬಿಡ್ರಿ! ಸರೀರಿ, ಹಳ್ಳದ ಕಡಿ ಹಾದಿ ಬಿಡ್ರಿ!” ಮತ್ತೆ ನಾಯಿಗೆ, “ಬಿಡವ್ವಾ, ಬಿಡು, ನನ್ನವ್ವಾ ಬಿಡು!”

ಜನ ಎರಡು ಪಾಲಾಗಿ ಸರಿದರು. ಹಂದಿ ನಾಯಿಯನ್ನು ಕಿವಿಗೆ ತೂಗು ಹಾಕಿಕೊಂಡೇ ಓಡಿತು. ಹೊಲದ ಮೂಲೆಯಲ್ಲಿ ಕಿವಿಯ ತುಂಡು ಹರಿಯಿತು, ನಾಯಿ ಉರುಳಿತು. ಹಂದಿ ಅಂಚು ಸುತ್ತಿ ಹಳ್ಳಕ್ಕೆ ಇಳಿಯಿತು, ಹಿಂದೆ ಹೆಣ್ಣು, ಹಿಂದೆ ಮರಿಗಳು. ಹೋಗುವಾಗ ಜಲ್ಲೆಯ ಪಕ್ಕ ನಾನು ಬಿಟ್ಟುಬಂದ ಕ್ಯಾಮೆರಾ ಚೀಲವನ್ನು ಒಮ್ಮೆ ಎತ್ತಿ ಒಗೆಯಿತು. ಅಷ್ಟು ಅವಸರದಲ್ಲೂ ಅದಕ್ಕೆ ನೆನಪಿತ್ತು.

ಕಾಕಾ ಎದ್ದ. ತೊಡೆ ಹರಿದು ಧೋತರ ಕೆಂಪಾಗಿತ್ತು, ಅದನ್ನು ನೋಡಿಕೊಳ್ಳಲಿಲ್ಲ. ಕುಂಟುತ್ತಾ ಹೋಗಿ ನಾಯಿಯ ಪಕ್ಕ ಕೂತ. ಹೊಟ್ಟೆ ಸೀಳಿತ್ತು, ಒಳಗಿನದು ಹೊರಗಿತ್ತು. ತನ್ನ ತಲೆಯ ರುಮಾಲು ಬಿಚ್ಚಿ, ಹೊರಗಿನದನ್ನು ಅಂಗೈಯಿಂದ ಒಳಗೆ ಒತ್ತಿ, ಬಿಗಿಯಾಗಿ ಸುತ್ತಿದ. ನಾಯಿ ಅವನ ಮೊಣಕೈ ನೆಕ್ಕುತ್ತಿತ್ತು. ಹಲ್ಲಿನ ಸಂದಿನಲ್ಲಿ ಇನ್ನೂ ಹಂದಿಯ ಕಿವಿಯ ತುಂಡಿತ್ತು.

“ಹಂದಿ ತಿರುಗಿದ್ದು ಯಾಕ?” ಮಾವ ಬಾನೆಟ್ಟಿನಿಂದ ಇಳಿಯುತ್ತಾ ಕೇಳಿದ. ಎಲ್ಲರೂ ನನ್ನ ನೋಡಿದರು. ನನ್ನ ಎದೆಯಿಂದ ಮಂಡಿಯವರೆಗೆ ಹಳ್ಳದ ಕಡೆಯ ಕಪ್ಪು ಮಣ್ಣು, ತಲೆಯಲ್ಲಿ ಸೋಗೆ.

“ಅಲ್ಲಿ ಯಾಕ ಹೋಗಿದ್ದಿ ಲೇ?”

“ಬೆಳಕು ಚಲೋ ಇತ್ತು ಮಾಮಾ.”

“ಬೆಳಕಿಗಿ ನಿನ್ನ ಹಾಕಿ ಸುಡಲಿ!”

ಮುಕಾದಮ ಹಳ್ಳದ ಅಂಚಿಗೆ ನಡೆದು ಹೋಗಿ, ತಾನಿಟ್ಟ ಜಲ್ಲೆ ಎತ್ತಿಕೊಂಡು ಬಂದು, ಅದು ಎರಡು ತುಂಡಾಗುವಂತೆ ನನ್ನ ಬೆನ್ನಿಗೆ ಬಾರಿಸಿದ. ಆಮೇಲೆ ನನ್ನ ಬೈಕಿನ ಕಡೆ ಕೈ ತೋರಿಸಿದ.

ಬಸವಕಲ್ಯಾಣದ ದನದ ದವಾಖಾನೆಗೆ ನಾನು ಅಷ್ಟು ಜೋರಾಗಿ ಹಿಂದೆಂದೂ ಬೈಕ್ ಓಡಿಸಿರಲಿಲ್ಲ. ಹಿಂದೆ ಕಾಕಾ, ಅವನ ಮಡಿಲಲ್ಲಿ ನಾಯಿ. ನನ್ನ ಅಂಗಿಯ ಬೆನ್ನು ಬಿಸಿಬಿಸಿಯಾಗಿ ತೊಯ್ಯುತ್ತಾ ಹೋಯಿತು. ಅದು ಕಾಕಾನ ರಕ್ತವೋ ನಾಯಿಯದೋ ಕೇಳಲು ಧೈರ್ಯ ಆಗಲಿಲ್ಲ.

“ಉಸರ ಅದ ಏನ್ ಕಾಕಾ?”

“ಅದ. ನೀ ಹಾದಿ ನೋಡಿ ಹೊಡಿ.”

ಸ್ವಲ್ಪ ದೂರ ಹೋಗಿ ಮತ್ತೆ ಕೇಳಿದೆ.

“ಅದ ಅಂದ್ನಿಲ್ಲ. ಹೊಡಿ.”

ಡಾಕ್ಟರು ಬಾಗಿಲು ಹಾಕಿಕೊಳ್ಳುತ್ತಿದ್ದವರು ನಮ್ಮನ್ನು ನೋಡಿ ಮತ್ತೆ ತೆರೆದರು. ನಾಯಿಯನ್ನು ಮೇಜಿನ ಮೇಲೆ ಹಾಕಿ, ರುಮಾಲು ಬಿಚ್ಚಿ, ಒಳಗೆ ಇಣುಕಿ, ನಂತರ ನನ್ನ ಮುಖ ನೋಡಿದರು.

“ನೀ ಹುಮನಾಬಾದದ ಫೋಟೊದಾಂವ ಅಲ್ಲ? ನನ್ನ ಮಗಳ ಮದವಿದಾಗ, ನಾ ಒಮ್ಮಿ ಅತ್ತಿದ್ದು ಸಾಲಲ್ಲಂತ ಮತ್ತೊಮ್ಮಿ ಅಳಸಿದ್ದಿ.”

“ಹೌದ್ರಿ ಸರ್. ಫೋಟೊ ಚಲೋ ಬಂದಾವ್ರಿ.”

“ಈಗ ನೀ ಇದರ ಬಾಯಿ ಹಿಡಿ. ಮುದುಕಪ್ಪಾ, ನೀವು ಕಾಲು ಹಿಡೀರಿ. ನಾ ಹೇಳೂತನ ಯಾರೂ ಅಲುಗಾಡಬಾರದು. ಹಂಗೇ ನಿಂದ್ರಬೇಕು.”

ನಿಂತೆ. ಸೂಜಿಯ ಮದ್ದು ಏರುವ ಮೊದಲು ನಾಯಿ ಅರ್ಧ ಕಣ್ಣು ತೆರೆದು ನನ್ನ ನೋಡಿತು. ಮೈಯಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ನನ್ನ ಎಡಗೈ ಕಚ್ಚಿತು. ಹಂದಿಯ ಕಿವಿ ಅಂತ ತಿಳಿಯಿತೋ, ನನ್ನ ಕೈ ಅಂತಲೇ ಗುರುತು ಹಿಡಿಯಿತೋ ಗೊತ್ತಿಲ್ಲ. ಹಲ್ಲು ಎಲುಬಿಗೆ ಮುಟ್ಟಿತು. ಅಲುಗಾಡಬಾರದು ಅಂದಿದ್ದರಲ್ಲ, ಅಲುಗಾಡಲಿಲ್ಲ. ಕಣ್ಣಿಂದ ನೀರು ಮಾತ್ರ ಬಂತು.

“ಚಲೋ ಬಂದದ,” ಎಂದರು ಡಾಕ್ಟರು, ನನ್ನ ಕಣ್ಣೀರು ನೋಡಿ. “ಮತ್ತೊಮ್ಮಿ ಬೇಕೇನು?”

ಹೊಲಿಗೆ ಮುಗಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಕಾಕಾನ ತೊಡೆಗೆ ಪಕ್ಕದ ದವಾಖಾನೆಯಲ್ಲಿ ಪಟ್ಟಿ ಕಟ್ಟಿಸಿ, ನನ್ನ ಕೈಗೂ ಕಟ್ಟಿಸಿಕೊಂಡು, ಇಬ್ಬರೂ ನಾಯಿಯ ಡಾಕ್ಟರ ಬೆಂಚಿನ ಮೇಲೆ ಬಂದು ಕೂತೆವು. ನಾಯಿ ಬೆಳಗಿನತನಕ ಉಳಿದರೆ ಉಳಿದ ಹಾಗೆ ಎಂದು ಡಾಕ್ಟರು ಹೇಳಿದ್ದರು. ಕಾಕಾ ಬಾಗಿಲ ಕಡೆಗೇ ಕಣ್ಣಿಟ್ಟು ಕೂತಿದ್ದ. ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು. ತಡೆಯಲಾಗದೆ ಕ್ಯಾಮೆರಾ ತೆಗೆದೆ. ನನ್ನ ಕೈಗೆ ಏನಾದರೂ ಕೆಲಸ ಬೇಕಿತ್ತು.

ಚಿತ್ರಗಳು ಸಾಲಾಗಿ ಬಂದವು. ಕಬ್ಬು. ಅಲ್ಲಾಡುವ ಕಬ್ಬು. ಮುಸುಡಿ. ಆಮೇಲೆ ನನ್ನ ಮಂಡಿ, ಮೋಡ, ನನ್ನದೇ ಮೂಗು. ಅದರ ನಂತರ ನನ್ನ ಓಡುವ ಬೂಟುಗಳ ಸಾಲುಸಾಲು ಚಿತ್ರ. ಬೆರಳು ಬಟನ್ ಮೇಲೆಯೇ ಮರಗಟ್ಟಿತ್ತು. ನಡುವೆ ಒಂದು, ಒಂದೇ ಒಂದು, ಕೂದಲೆಳೆ ಎಣಿಸುವಷ್ಟು ಸ್ಪಷ್ಟ. ಹಂದಿ ನೆಲ ಬಿಟ್ಟು ಗಾಳಿಯಲ್ಲಿ, ನಾಲ್ಕೂ ಕಾಲು ಮಡಿಸಿ, ಬಂಗಾರದ ಬೆಳಕಿನಲ್ಲಿ.

“ನನ್ನ ಮ್ಯಾಲೇ ಬಂತು ಕಾಕಾ,” ಎಂದೆ.

“ತಾ ಇಲ್ಲಿ,” ಎಂದ ಕಾಕಾ.

ಕೊಟ್ಟೆ. ಕಣ್ಣಿಗೆ ತೀರಾ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದ. ಬೆರಳಿಂದ ಹಂದಿಯ ಕಣ್ಣು ಮುಟ್ಟಿದ.

“ನಿನ್ನ ಮ್ಯಾಲ ಬಂತು ಅಂದ್ಯಲ್ಲ.”

“ಬಂತಲ್ಲ ಕಾಕಾ, ನೋಡು ಹ್ಯಾಂಗ್ ಹಾರ್ಯದ.”

“ಇದು ನಿನ್ನ ನೋಡೇ ಇಲ್ಲ ಲೇ. ಹಳ್ಳ ನೋಡಾಕತ್ತದ.”

ಇಣುಕಿ ನೋಡಿದೆ. ಹೌದು. ಕಣ್ಣು ನನ್ನ ತಲೆಯ ಮೇಲಿಂದ ಎಲ್ಲೋ ಹಿಂದೆ ಇತ್ತು. ಅದರಲ್ಲಿ ಸಿಟ್ಟು ಇರಲಿಲ್ಲ, ಅವಸರ ಇತ್ತು. ಬಸ್ಸು ಹೊರಟುಬಿಡುತ್ತದೆ ಎಂದು ಓಡುವವರ ಮುಖದಲ್ಲಿ ಇರುತ್ತದಲ್ಲ, ಹಾಗೆ. ಈ ಚಿತ್ರವನ್ನು ನಾನು ಎಲ್ಲಿಗೂ ಕಳಿಸಿಲ್ಲ. ನಾಚಿಕೆ ಅನ್ನುವುದಕ್ಕಿಂತ, ನೋಡಿದವರು “ಯಪ್ಪಾ, ಎಂಥಾ ಸಿಟ್ಟದು!” ಅನ್ನುತ್ತಾರೆ. ಅಲ್ಲ ಅಂತ ವಿವರಿಸಲು ಹೋದರೆ ಈ ಕತೆ ಪೂರ್ತಿ ಹೇಳಬೇಕು.

ನಾಯಿ ಬೆಳಿಗ್ಗೆವರೆಗೆ ಉಳಿಯಿತು. ಆದರೆ ಏಳಲಿಲ್ಲ. ಕಾಕಾನ ಹಟ್ಟಿಯಲ್ಲಿ, ಗೋಣಿಚೀಲದ ಮೇಲೆ, ಗೋಡೆಗೆ ಮುಖ ಮಾಡಿ ಮಲಗಿತ್ತು. ಗಾಯ ಕೀವಾಯಿತು, ಮತ್ತೆ ಬಿಚ್ಚಿ ಹೊಲಿದರು. ಇತ್ತ ಹುಮನಾಬಾದಿನ ಚಹಾದಂಗಡಿಯಲ್ಲಿ ನನ್ನ ಕೈಯ ಪಟ್ಟಿ ನೋಡಿ, “ಹಂದಿ ಕಚ್ಚಿತೇನೋ?” ಎಂದು ಕೇಳಿದವರಿಗೆ ನಾನು ಸುಮ್ಮನೆ ದೂರ ನೋಡುತ್ತಾ ನಿಟ್ಟುಸಿರು ಬಿಡುತ್ತಿದ್ದೆ. ನನ್ನ ಅವ್ವ ಬಂದು, “ಹಂದಿ ಎಲ್ಲೀದು, ನಾಯಿ ಕಚ್ಚ್ಯದ, ಹೊಟ್ಟ್ಯಾಗಿಂದು ಹೊರಗ ಬಂದ ನಾಯಿ,” ಎಂದು ಎಲ್ಲರೆದುರು ಹೇಳಿ ನನ್ನ ವೀರಗಾಥೆ ಮುಗಿಸಿದಳು.

ಕಾಕಾ ಒಂದು ದಿನ ಫೋನ್ ಮಾಡಿಸಿದ. “ಕುರಿ ಮಾರತೀನಿ,” ಎಂದ. ಹಿಂದಿನ ಸಂಜೆ ತೋಳ ಹಳ್ಳದ ಆಚೆಯಿಂದ ಬಂದು ಒಂದು ಮರಿಯ ಗಂಟಲು ಹಿಡಿದು ಎಳೆದೊಯ್ದಿತ್ತು. ಕಾಕಾನಿಗೆ ಕಂಡಿರಲಿಲ್ಲ. ಸದ್ದು ಕೇಳಿ ಓಡಿದಾಗ ಸಿಕ್ಕಿದ್ದು ಒಂದು ಕಾಲು.

“ಮಾರಬ್ಯಾಡ. ಅದು ಏಳೂತನ ನಾ ಬರ್ತೀನಿ,” ಎಂದೆ.

“ನೀ ಬಂದು ಏನ್ ಮಾಡ್ತಿ?”

“ನಾಯಿ ಕೆಲಸ ಮಾಡ್ತೀನಿ.”

“ಅಷ್ಟ ಶಾಣ್ಯಾ ಇಲ್ಲ ನೀ,” ಎಂದ. ಆದರೂ ಬೇಡ ಅನ್ನಲಿಲ್ಲ.

ಮದುವೆ ಇಲ್ಲದ ದಿನಗಳಲ್ಲೆಲ್ಲ ಹೋದೆ. ನಾಯಿ ಕೆಲಸ ಎಷ್ಟು ಕಷ್ಟ ಅಂದರೆ, ನಾಯಿಗಳಿಗೆ ಕೈಮುಗಿಯಬೇಕು. ಕುರಿಗಳು ನನ್ನ ಒಂದು ಮಾತೂ ಕೇಳಲಿಲ್ಲ. ‘ಒಂದ್ ನಿಮಿಷ’ ಅಂದರೆ ಇನ್ನೂ ಜೋರಾಗಿ ಓಡುತ್ತಿದ್ದವು. ತೋಳ ಒಮ್ಮೆ ಬದುವಿನ ಮೇಲೆ ನಿಂತು ನನ್ನನ್ನು ನೋಡಿತು. ಕ್ಯಾಮೆರಾ ಚೀಲದಲ್ಲಿತ್ತು, ಕೈಯಲ್ಲಿ ಕಲ್ಲಿತ್ತು. ಕಲ್ಲು ಎಸೆದೆ. ಅದು ಕಾಕಾನ ಇನ್ನೊಂದು ಟಗರಿಗೆ ಬಿತ್ತು. ನನ್ನ ಕಿರುಚಾಟಕ್ಕೆ ತೋಳ ಹೋಯಿತು, ಬಹುಶಃ ನಾಚಿಕೆಯಿಂದ.

ನಾಯಿ ಗೋಡೆಯ ಕಡೆಯಿಂದ ಮುಖ ತಿರುಗಿಸಿತು. ಆಮೇಲೆ ಕಲಸಿದ ರೊಟ್ಟಿ ತಿಂದಿತು. ಆಮೇಲೆ ನನ್ನ ಕಂಡು ಗುರ್ ಅಂದಿತು. ಆ ದಿನ ಕಾಕಾ ಮೊದಲ ಸಲ ನನಗೆ ಚಹಾ ಮಾಡಿ ಕೊಟ್ಟ.

ಒಂದು ಬೆಳಿಗ್ಗೆ ಕುರಿಗಳನ್ನು ಹೊರಗೆ ಬಿಟ್ಟಿದ್ದೆವು. ಹಟ್ಟಿಯ ಮುಳ್ಳುಬೇಲಿಯಲ್ಲಿ ಒಂದೇ ಒಂದು ಸಂದು, ಕುರಿ ಹೋಗಿ ಬರಲು. ಕಡೆಯ ಕುರಿ ದಾಟಿ ನಾನೂ ದಾಟಿ, ತಿರುಗಿ ನೋಡಿದರೆ, ನಾಯಿ ಎದ್ದು ನಿಂತಿತ್ತು. ಹಿಂದಿನ ಕಾಲು ಒಂದು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ. ಹೊಟ್ಟೆಯ ಮೇಲೆ ಹೊಲಿಗೆಯ ಗೆರೆ, ಅದರ ಸುತ್ತ ಕೂದಲಿಲ್ಲದ ಗುಲಾಬಿ ಚರ್ಮ. ನಡುಗುತ್ತಾ ಒಂದು ಹೆಜ್ಜೆ ಇಟ್ಟಿತು. ಮತ್ತೊಂದು. ಬೇಲಿಯ ಸಂದಿನೊಳಗಿಂದ ಎಳೆಬಿಸಿಲು ಸೀದಾ ಅದರ ಮುಖದ ಮೇಲೆ ಬಿದ್ದಿತ್ತು, ಹರಿದ ಕಿವಿಯ ಅಂಚು ಹೊಳೆಯುತ್ತಿತ್ತು.

ನನಗೆ ಏನಾಯಿತೋ. ಇಷ್ಟು ದಿನ ಮುಟ್ಟದ ಕ್ಯಾಮೆರಾ ಕೈಗೆ ಬಂತು. ಸಂದಿನ ನಡುವೆ ಹೊಟ್ಟೆ ಅಡಿಯಾಗಿ ಬಿದ್ದೆ. ನಾಯಿ ನನ್ನತ್ತ ಬಂತು, ವೇಗ ಹೆಚ್ಚಾಯಿತು, ಕುಂಟುತ್ತಲೇ ಓಟವಾಯಿತು. ಕಣ್ಣು ಚೌಕಟ್ಟಿನ ಕೆಳಗೆ ಹೋಗುತ್ತಿತ್ತು. ಮಂಡಿಯೂರಿ ಎದ್ದೆ. ಕೈ ತಾನಾಗಿಯೇ ಮೇಲೆದ್ದಿತು.

ಹಿಂದಿನಿಂದ ಕಾಕಾನ ಕೋಲು ನನ್ನ ಬೆನ್ನಿಗೆ ತಿವಿಯಿತು.

“ಏ ಶಾಣ್ಯಾ, ಅದು ಕುರಿ ನೋಡಾಕತ್ತದ, ನಿನ್ನಲ್ಲ. ಹಾದಿ ಬಿಡು.”